ಮೆಲುದನಿಯ ಮನೆ

ಮನೆಕಿವಿ ಬಂದ ವರ್ಷ ಧಾರವಾಡದಲ್ಲಿ ಎಷ್ಟೋ ಜನ ಜಗಳವಾಡಲು ಮಾಳಿಗೆ ಹತ್ತತೊಡಗಿದರು. ಗಂಡ ಹೆಂಡತಿ ಬೇರೆಯಾಗಿ, ಮಗು ಯಾರ ಬಳಿ ಇರಬೇಕೆಂಬ ಮಾತು ಕೋರ್ಟಿಗೆ ಹೋಯಿತೆಂದರೆ ನ್ಯಾಯಾಧೀಶರು ಮೊದಲು ಎರಡೂ ಮನೆಗಳ ಗೋಡೆಗೆ ಅಂಗೈ ಅಗಲದ ಒಂದೊಂದು ಬಿಳಿ ಡಬ್ಬಿ ಹಚ್ಚಿಸುತ್ತಿದ್ದರು. ಆದೇಶದಲ್ಲಿ ಅದಕ್ಕೆ ‘ಗೃಹ ನಡತೆ ಮಾಪಕ’ ಎಂಬ ಭಾರೀ ಹೆಸರಿತ್ತು. ಜನ ಮನೆಕಿವಿ ಎಂದರು, ಅದೇ ನಿಂತಿತು.

ಈ ಕಿವಿಗೆ ಮಾತು ತಿಳಿಯುತ್ತಿರಲಿಲ್ಲ. ಮನೆಯೊಳಗಿನ ಮಾತನ್ನು ಸರ್ಕಾರ ಕೇಳಬಾರದೆಂದು ದೊಡ್ಡ ಗಲಾಟೆಯಾಗಿ, ಕಾನೂನು ಮಾಡಿದವರು ಅದರ ಅರ್ಧ ಬುದ್ಧಿಯನ್ನು ಮೊದಲೇ ಕಿತ್ತುಹಾಕಿದ್ದರು. ದನಿ ಎಷ್ಟು ಏರಿತು, ಎಷ್ಟು ಬೇಗ ಏರಿತು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬಿದ್ದರೇ, ಬಾಗಿಲು ದಬ್ಬೆಂದು ಬಡಿಯಿತೇ, ಇಷ್ಟೇ ಅದಕ್ಕೆ ಗೊತ್ತಾಗುತ್ತಿತ್ತು. ಜೊತೆಗೆ ಮಗುವಿನ ಮಣಿಕಟ್ಟಿಗೊಂದು ಪಟ್ಟಿ. ಅದು ಎದೆಬಡಿತ, ಉಸಿರು, ಚರ್ಮದ ಬೆವರನ್ನು ಅಳೆಯುತ್ತಿತ್ತು. ಇವನ್ನೆಲ್ಲ ಕೂಡಿಸಿ ಕಳೆದು ಯಂತ್ರ ವಾರಕ್ಕೊಮ್ಮೆ ಪ್ರತಿ ಮನೆಗೂ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಿತ್ತು.

ಅಂಕ ಬಂದ ಮೇಲೆ ಟ್ಯೂಷನ್ ಬರದೆ ಇರುತ್ತದೆಯೇ? ಲೈನ್ ಬಜಾರಿನಲ್ಲಿ ಮೆಲುದನಿ ಕ್ಲಾಸುಗಳು ಶುರುವಾದವು. ಕೆಲವರು ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದರು. ಒಬ್ಬ ಮಹಾಶಯ ಅಪ್ಪನ ಕೆಮ್ಮಿಗೆ ಅಂಕ ಕಡಿಮೆಯಾದೀತೆಂದು ಮುದುಕನನ್ನು ತಂಗಿಯ ಮನೆಗೆ ಸಾಗಹಾಕಿದ. ಆದರೂ ಒಟ್ಟಿನಲ್ಲಿ ಕಿವಿಯಿಂದ ಒಳ್ಳೆಯದೇ ಆಯಿತೆಂದು ಎಲ್ಲರೂ ಹೇಳುತ್ತಿದ್ದರು. ಹೊಡೆಯುವವರು, ಕುಡಿದು ಕೂಗಾಡುವವರು ಮೊದಲ ವಾರದಲ್ಲೇ ಸಿಕ್ಕಿಬೀಳುತ್ತಿದ್ದರು.

ನೀಲಾಂಬಿಕಾ ಹಂಚಿನಮನಿ ಆ ಮಾತನ್ನು ಉಳಿದವರಿಗಿಂತ ಹೆಚ್ಚು ನಂಬಿದ್ದಳು. ಧಾರವಾಡದ ಮಾಪನ ಕೇಂದ್ರದಲ್ಲಿ ಮನೆಕಿವಿ ಮತ್ತು ಪಟ್ಟಿ ಪರದೆಯ ಮೇಲೆ ಮೂಡಿಸುವ ಏರಿಳಿತದ ಗೆರೆಗಳನ್ನು ಓದುವುದೇ ಅವಳ ಕೆಲಸ. ಅಲ್ಲದೆ ಅವಳ ಮನೆಯ ಗೋಡೆಯ ಮೇಲೂ ಒಂದು ಕಿವಿ ಇತ್ತು. ಎಂಟು ವರ್ಷದ ಮಗಳು ಇಂಚರಳ ಕೈಗೂ ಪಟ್ಟಿ ಇತ್ತು.

ಗಂಡ ಗುರುಬಸವ ಹೊಸಯಲ್ಲಾಪುರದಲ್ಲಿ ಗರಡಿಮನೆ ನಡೆಸುತ್ತ ಅಲ್ಲೇ ವಾಸವಿರುವ ವಸ್ತಾದ. ಹುಡುಗರಿಗೆ ಕುಸ್ತಿ ಕಲಿಸುವ ಮನುಷ್ಯನ ಗಂಟಲು ಹೇಗಿರಬೇಕೋ ಹಾಗೆಯೇ ಇತ್ತು. ನೀರು ಕೇಳಿದರೂ ನಾಲ್ಕು ಮನೆಗೆ ಕೇಳಿಸುತ್ತಿತ್ತು. ಕೂಗಾಟವನ್ನು ನೀಲಾ ಹೇಗೋ ಸಹಿಸಿದಳು. ಆದರೆ ಒಮ್ಮೆ ಅವನು ಕುಸ್ತಿಕಣದ ಮಣ್ಣು ಹದ ಮಾಡುತ್ತ ಮಗಳನ್ನು ಶಾಲೆಯಿಂದ ಕರೆತರುವುದನ್ನೇ ಮರೆತ. ಕತ್ತಲಾಗುವವರೆಗೆ ಇಂಚರ ವಾಚ್‌ಮನ್ನನ ಸ್ಟೂಲಿನ ಮೇಲೆ ಕುಳಿತಿದ್ದಳು. ಮರುದಿನವೇ ನೀಲಾ ಮಗಳನ್ನು ಕಟ್ಟಿಕೊಂಡು ಮಾಳಮಡ್ಡಿಯ ತವರಿಗೆ ಬಂದುಬಿಟ್ಟಳು. ಈಗ ವಾರವೆಲ್ಲ ಮಗು ಇಲ್ಲಿ, ಶನಿವಾರ ಭಾನುವಾರ ಗರಡಿಯಲ್ಲಿ. ಇನ್ನು ಕೆಲವೇ ದಿನಗಳಲ್ಲಿ ಕಡೆಯ ವಿಚಾರಣೆ. ಮಗು ಕಾಯಂ ಆಗಿ ಯಾರ ಬಳಿ ಎಂಬುದು ಅಲ್ಲಿ ತೀರ್ಮಾನವಾಗಬೇಕು.

ಅವಳ ಮನೆಗೆ ಅಂಕ ಸದಾ ತೊಂಬತ್ತರ ಮೇಲೆ. ಗರಡಿಗೆ ಅರವತ್ತು ದಾಟಿದ್ದೇ ಇಲ್ಲ. ವಕೀಲರು ಈಗಾಗಲೇ ಪೇಡೆ ತಿನ್ನುವ ಮಾತಾಡುತ್ತಿದ್ದರು.

ನೀಲಾ ಮೋಸವೇನೂ ಮಾಡಿರಲಿಲ್ಲ. ಕಿವಿಗೆ ಏನು ಹಿಡಿಸುತ್ತದೆಂದು ಅವಳಿಗೆ ಗೊತ್ತಿತ್ತು, ಹಾಗೆ ಬದುಕಿದಳು, ಅಷ್ಟೇ. ಮಗಳ ಮೇಲೆ ಒಮ್ಮೆಯೂ ದನಿ ಏರಿಸಲಿಲ್ಲ. ಭಾನುವಾರ ಸಂಜೆ ಇಂಚರ ಗರಡಿಯಿಂದ ಬಂದ ಕೂಡಲೇ ತನ್ನ ಮುಂದೆ ಬೆನ್ನು ತಿರುಗಿಸಿ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತ ಮೃದುವಾಗಿ ವಿಚಾರಿಸುವಳು. ಊಟಕ್ಕೆ ಏನಿತ್ತು, ಯಾರು ಬಂದಿದ್ದರು, ಅಪ್ಪ ಫೋನಿನಲ್ಲಿ ಯಾರೊಡನೆ ಮಾತಾಡಿದ, ಅಮ್ಮನ ಸುದ್ದಿ ಏನಾದರೂ ತೆಗೆದನೇ. ವಾರದ ಉಳಿದ ಸಂಜೆಗಳಲ್ಲೂ ಎಣ್ಣೆಯ ಬಟ್ಟಲು ಹಿಡಿದು ಕುಳಿತರೆ ಅದೇ ಮಾತು.

“ನಿಮ್ಮಪ್ಪಗ ನೀ ಅಂದ್ರ ಪ್ರೀತಿ ಐತವ್ವಾ, ನಾ ಇಲ್ಲ ಅನ್ನೂದಿಲ್ಲ,” ಎನ್ನುವಳು. “ಆದ್ರ ಮನಷ್ಯಾಗ ನೆನಪ ಇರಬೇಕಲ್ಲ? ಅವತ್ತ ಸಾಲ್ಯಾಗ ನಿನ್ನ ಮರತ ಬಿಟ್ಟ. ನಾ ಎಂದರ ಮರತೇನೇನು?”

ಇಂಚರ ಇಲ್ಲ ಎಂದು ತಲೆಯಾಡಿಸುವಳು. ಅಲುಗಾಡಬೇಡ, ಎಣ್ಣೆ ಕಣ್ಣಿಗೆ ಇಳಿಯುತ್ತದೆ ಎಂದು ನೀಲಾ ಅದೇ ಮೆಲುದನಿಯಲ್ಲಿ ಹೇಳುವಳು. ಇದು ದೂರು ಹೇಳುವುದು ಎಂದು ಅವಳಿಗೆ ಅನ್ನಿಸಿರಲೇ ಇಲ್ಲ. ಮಗಳ ಹಿತ ವಿಚಾರಿಸುತ್ತಿದ್ದೇನೆ ಎಂದೇ ನಂಬಿದ್ದಳು. ಗೋಡೆಯ ಕಿವಿಯೂ ಹಾಗೆಯೇ ನಂಬಿತ್ತು.

ಈ ಮನೆಯಲ್ಲಿ ಕಷ್ಟಪಟ್ಟವಳೆಂದರೆ ನೀಲಾಳ ತಾಯಿ ಶಿವಗಂಗವ್ವ. ಎದುರುಮನೆಯವರೊಡನೆ ಅಡುಗೆಮನೆಯಿಂದಲೇ ಮಾತಾಡುತ್ತಿದ್ದ ಹೆಂಗಸು ಈಗ ಸೀನು ಬಂದರೂ ಹಿತ್ತಲಿಗೆ ಓಡಬೇಕಾಗಿತ್ತು. ಒಂದು ದಿನ ಮಗಳನ್ನೂ ಹಿತ್ತಲಿಗೆ ಕರೆದು ಅವಳು ಮನಸ್ಸಿನಲ್ಲಿದ್ದುದನ್ನು ಹೇಳಿಯೇಬಿಟ್ಟಳು.

“ನಿನ್ನ ಗಂಡ ಒದರತಿದ್ದ, ಖರೇ. ಆದ್ರ ಒದರೂದು ಮುಗದ ಮ್ಯಾಲ ಮನಿ ತಣ್ಣಗ ಆಗತಿತ್ತು. ನೀ ಮೆತ್ತಗ ಮಾತಾಡಾಕ ಹತ್ತಿದ್ರ ಅದು ಎಂದ ಮುಗೀತೈತಿ ಅಂತ ತಿಳಿಯೂದ ಇಲ್ಲ.”

ನೀಲಾ ನಕ್ಕು, ನಿನ್ನ ಸಿಟ್ಟು ಕಿವಿಯ ಮೇಲೆ, ನನ್ನ ಮೇಲೆ ಹಾಕಬೇಡ ಎಂದಳು.

ಆ ಮನೆಯಲ್ಲಿ ಸದ್ದಿಗೆ ಅಪ್ಪಣೆ ಇದ್ದದ್ದು ಸಂಜೆಯ ರೊಟ್ಟಿಗೆ ಮಾತ್ರ. ಜೋಳದ ರೊಟ್ಟಿಯನ್ನು ಬಡಿಯದೆ ಮಾಡಲಾಗುವುದಿಲ್ಲ, ಮತ್ತು ತಾಳಕ್ಕೆ ಬಿದ್ದ ಸದ್ದು ಗೆರೆಯಲ್ಲಿ ಮೂಡಿದರೂ ಕಿವಿ ಅದನ್ನು ಅಂಕದ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ತಾಯಿಗೆ ಹೆಗಲು ನೋವು ಬಂದಾಗಿನಿಂದ ನೀಲಾಳೇ ರೊಟ್ಟಿಗೆ ಕೂರುತ್ತಿದ್ದಳು. ಬಡಿಯುವಾಗ ಮಾತಾಡಿದರೆ ರೊಟ್ಟಿಯ ಅಂಚು ಸೀಳುತ್ತದೆಂದು ಚಿಕ್ಕಂದಿನಲ್ಲಿ ತಾಯಿ ಕಲಿಸಿದ್ದಳು. ಹಾಗಾಗಿ ಆ ಹೊತ್ತಿನಲ್ಲಿ ನೀಲಾ ತುಟಿ ಬಿಚ್ಚುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಉಳಿದ ಹಿಟ್ಟಿನ ಚೂರಿನಲ್ಲಿ ಅಂಗೈಯಷ್ಟು ಕೂಸಿನ ರೊಟ್ಟಿಯೊಂದನ್ನು ಸರಸರನೆ ತಟ್ಟಿ, ಹಲಗೆಯ ಅಂಚಿಗೆ ಬೆರಳಿನಿಂದ ಎರಡು ಸಲ ಕುಟ್ಟುತ್ತಿದ್ದಳು. ಅದು ಇಂಚರಳಿಗೆ ಕರೆ. ಅವಳು ಎಲ್ಲಿದ್ದರೂ ಓಡಿ ಬರುತ್ತಿದ್ದಳು.

ಕೇಂದ್ರದಲ್ಲಿ ‘ಎರಡನೇ ಕಣ್ಣು’ ಎಂಬ ಪದ್ಧತಿ ಇತ್ತು. ಒಂದು ಮನೆಗೆ ಒಳ್ಳೆಯ ಅಂಕ ಬಂದಿದ್ದೂ ಮಗುವಿನ ಪಟ್ಟಿಯ ಯಾವುದೋ ಒಂದು ಗೆರೆ ಅದಕ್ಕೆ ಒಪ್ಪದಿದ್ದರೆ, ಆ ಪ್ರಕರಣವನ್ನು ಹೆಸರು, ಊರು, ತಾರೀಕು ಎಲ್ಲ ಅಳಿಸಿ ಬೇರೆ ಕೇಂದ್ರದ ಒಬ್ಬ ಮನುಷ್ಯರಿಂದ ಓದಿಸಬೇಕು. ಓದಿದವರು ಗಣಿತ ಬಿಟ್ಟು, ಮಗು ಹೇಗಿದೆ ಎಂದು ಸಾದಾ ಮಾತಿನಲ್ಲಿ ಬರೆಯಬೇಕು. ಧಾರವಾಡದ್ದು ಕಲಬುರಗಿಗೆ, ಕಲಬುರಗಿಯದ್ದು ಧಾರವಾಡಕ್ಕೆ. ಹೆಚ್ಚಿನವರು ಮೇಲೆ ಮೇಲೆ ಕಣ್ಣಾಡಿಸಿ ‘ಸರಿ ಇದೆ’ ಎಂದು ಮುಗಿಸುತ್ತಿದ್ದರು. ನೀಲಾ ಹಾಗಲ್ಲ. ಅವಳಿಗೆ ಈ ಕೆಲಸದ ಮೇಲೆ ಅಭಿಮಾನವಿತ್ತು.

ಆ ಗುರುವಾರ ಅವಳ ಪರದೆಗೆ ಅಂಥದ್ದೊಂದು ಬಂತು. ಎರಡು ಮನೆ, ‘ಅ’ ಮತ್ತು ‘ಆ’. ಒಂದು ಮಗು. ಅಂಕ ಕಡಿಮೆ ಇರುವ ಮನೆಯಿಂದ ಶುರು ಮಾಡುವುದು ಅವಳ ರೂಢಿ.

‘ಆ’ ಮನೆಯಲ್ಲಿ ಗದ್ದಲವೋ ಗದ್ದಲ. ಗಂಡು ದನಿ ಆಗಾಗ ಮೇಲಕ್ಕೆ ಚಿಮ್ಮುತ್ತದೆ, ಧಬಧಬ ಸದ್ದು ಬೇರೆ. ಮಗುವಿನ ಎದೆಬಡಿತ ಓಡುತ್ತದೆ. ಯಂತ್ರ ಇದನ್ನು ಭಯ ಎಂದು ಹಿಡಿದಿತ್ತು. ನೀಲಾ ಉಸಿರಿನ ಗೆರೆ ನೋಡಿದಳು. ಒಂದು ಉದ್ದ ಉಸಿರು, ಬೆನ್ನಿಗೇ ಸಣ್ಣ ಸಣ್ಣ ತುಂಡುಗಳು, ಮತ್ತೆ ಉದ್ದ ಉಸಿರು. ಭಯಪಟ್ಟ ಮಗು ಹಾಗೆ ಉಸಿರಾಡುವುದಿಲ್ಲ. “ಇಲ್ಲಿ ಮಗು ನಗುತ್ತಿದೆ. ಕುಣಿದು ದಣಿದು ನಗುತ್ತಿದೆ,” ಎಂದು ಬರೆದಳು. ಯಂತ್ರದ ತಪ್ಪು ಹಿಡಿದ ಖುಷಿಯಲ್ಲಿ ಒಂದು ಚಹಾ ತರಿಸಿಕೊಂಡಳು.

‘ಅ’ ಮನೆ ನಿಶ್ಶಬ್ದ. ಒಂದು ಹೆಣ್ಣು ದನಿ, ಏರದ ಇಳಿಯದ ದನಿ, ದಿನವೂ ಸಂಜೆ ಬಹಳ ಹೊತ್ತು ಹರಿಯುತ್ತದೆ. ಅದು ಶುರುವಾದೊಡನೆ ಮಗುವಿನ ಉಸಿರು ಮೇಲೆಯೇ ನಿಲ್ಲುತ್ತದೆ. ಎದೆಬಡಿತ ಏರುವ ಬದಲು ಇಳಿಯುತ್ತದೆ. ಮಣಿಕಟ್ಟು ಬೆವರುತ್ತದೆ. ಯಂತ್ರ ಎದೆಬಡಿತ ಇಳಿದದ್ದನ್ನು ನೆಮ್ಮದಿ ಎಂದು ಎಣಿಸಿ ಅಂಕದ ಮೇಲೆ ಅಂಕ ಸುರಿದಿತ್ತು. ತರಬೇತಿಯಲ್ಲಿ ಮಕ್ಕಳ ವೈದ್ಯರೊಬ್ಬರು ಹೇಳಿದ್ದು ನೀಲಾಳಿಗೆ ಚೆನ್ನಾಗಿ ನೆನಪಿತ್ತು. ಹೆದರಿದ ಮಗುವಿಗೆ ಓಡಲು ದಾರಿ ಇದ್ದರೆ ಎದೆ ಹೊಡೆದುಕೊಳ್ಳುತ್ತದೆ. ದಾರಿ ಇಲ್ಲದಿದ್ದರೆ ಅದು ಪೊದೆಯೊಳಗಿನ ಮೊಲದಂತೆ ಅಲುಗದೆ ಕೂರುತ್ತದೆ, ಎದೆಬಡಿತವೂ ತಗ್ಗುತ್ತದೆ.

ಅವಳಿಗೆ ಆ ಹೆಂಗಸಿನ ಮೇಲೆ ಕೆಟ್ಟ ಸಿಟ್ಟು ಬಂತು. ಯಾವಳಿವಳು, ದಿನಾ ಕೂತು ಮಗುವಿನ ಕಿವಿಯಲ್ಲಿ ಏನು ಹೊಯ್ಯುತ್ತಾಳೆ ಎಂದುಕೊಂಡಳು. ಬರೆದೂ ಬಿಟ್ಟಳು: “ಈ ಮನೆಯಲ್ಲಿ ಮಗು ಶಾಂತವಾಗಿಲ್ಲ, ಅಡಗಿ ಕುಳಿತಿದೆ. ತಾಯಿ ಮೃದುವಾಗಿ ಏನು ಹೇಳುತ್ತಾಳೋ ಗೊತ್ತಿಲ್ಲ, ಆದರೆ ಮಗು ಅದನ್ನು ಏಟಿನಂತೆ ಸಹಿಸುತ್ತಿದೆ. ಇದು ಮುಂದುವರಿಯಬಾರದು.”

ಕಡೆಯಲ್ಲಿ ಒಂದು ಪ್ರಶ್ನೆ ಉಳಿದಿತ್ತು. ಆ ಮನೆಯಲ್ಲಿ ಮಗು ನಿಜಕ್ಕೂ ನಿರಾಳವಾಗಿರುವ ಹೊತ್ತು ಯಾವುದು? ಗೆರೆಗಳನ್ನು ಹಿಂದೆ ಮುಂದೆ ಸರಿಸಿದಾಗ ಸಿಕ್ಕಿತು. ಕತ್ತಲಾಗುವ ಮೊದಲು ಕೆಲ ಹೊತ್ತು ಹೆಣ್ಣು ದನಿ ಪೂರ್ತಿ ನಿಲ್ಲುತ್ತದೆ. ಅಲ್ಲಿ ಬಾಚಣಿಗೆಯ ಹಲ್ಲಿನಂತೆ ಸಾಲು ಸಾಲು ಸದ್ದು. ಮಗುವಿನ ಉಸಿರು ಹೊಟ್ಟೆಯ ತನಕ ಇಳಿದು ಹಗುರಾಗುತ್ತದೆ, ಬೆವರು ಆರುತ್ತದೆ. ರೊಟ್ಟಿ ಬಡಿಯುತ್ತಿದ್ದಾರೆ ಎಂದು ನೀಲಾಳಿಗೆ ತಿಳಿದು, ಸಿಟ್ಟಿನಲ್ಲೂ ನಗು ಬಂತು. ಸಾಲು ಮುಗಿದ ಮೇಲೆ ಇನ್ನೊಂದು ಗಿಡ್ಡ ಸಾಲು, ಹಗುರ ಕೈಯಿಂದ, ಸರಸರನೆ. ಅದರ ಬೆನ್ನಿಗೆ ಎರಡು ಸಣ್ಣ ಕುಟ್ಟು. ಅಲ್ಲಿ ಮಗುವಿನ ಎದೆ ಒಮ್ಮೆ ಜಿಗಿದು ನೆಲೆಗೆ ನಿಲ್ಲುತ್ತದೆ.

ಮರುದಿನದ ಗೆರೆಯೂ ಹಾಗೆಯೇ ಇತ್ತು. ಅದರ ಮರುದಿನದ್ದೂ ಅಷ್ಟೇ. ಗಿಡ್ಡ ಸಾಲು, ಎರಡು ಕುಟ್ಟು.

ಮೇಜಿನ ಅಂಚಿಗೆ ತನ್ನ ಬೆರಳು ಅದೇ ರೀತಿ ಎರಡು ಸಲ ಕುಟ್ಟಿದ್ದು ನೀಲಾಳಿಗೆ ಆಮೇಲೆ ಗೊತ್ತಾಯಿತು. ಅವಳು ಎದ್ದು ಮುಖ್ಯಸ್ಥೆಯ ಕೋಣೆಗೆ ಹೋಗಿ, ಇದು ನನ್ನದೇ ಮನೆ ಎಂದಳು. ಚಹಾ ಹಾಗೆಯೇ ಆರಿತು.

ಕೇಂದ್ರದ ಮುಖ್ಯಸ್ಥೆ ಶಕುಂತಲಾ ಇನಾಮದಾರರಿಗೆ ತಪ್ಪು ಎಲ್ಲಾಯಿತೆಂದು ಹುಡುಕಲು ತಡವಾಗಲಿಲ್ಲ. ನೌಕರರದೇ ಪ್ರಕರಣ ಊರಿನಲ್ಲಿ ಬೇಡವೆಂದು ನೀಲಾಳ ಕಾಗದಗಳನ್ನು ಮೊದಲೇ ಕಲಬುರಗಿಗೆ ಕಳಿಸಿದ್ದರು. ಎರಡನೇ ಕಣ್ಣಿಗೆ ಬಂದಾಗ ಕಲಬುರಗಿಯವರು ನಿಯಮದಂತೆ ಹೆಸರು ಊರು ಎಲ್ಲ ಅಳಿಸಿ ಧಾರವಾಡಕ್ಕೆ ಕಳಿಸಿದರು. ಅಳಿಸುವ ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಯಾರದ್ದು ಯಾರ ಕೈಗೆ ಹೋಗುತ್ತಿದೆಯೆಂದು ಕೇಳಲು ಹೆಸರೇ ಉಳಿದಿರಲಿಲ್ಲ.

ನೀವು ಇದನ್ನು ಓದಬಾರದಿತ್ತು, ಓದಿದ್ದು ರದ್ದಾಗಬೇಕು ಎಂದರು ಇನಾಮದಾರ. ಇನ್ನೊಬ್ಬರಿಗೆ ಕೊಡುತ್ತೇನೆ, ಅವರು ಏನು ಬರೆಯುತ್ತಾರೋ ಅದೇ ಕೋರ್ಟಿಗೆ ಹೋಗುತ್ತದೆ. ನೀವು ಬರೆದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಆ ಇನ್ನೊಬ್ಬರು ಏನು ಬರೆಯುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ‘ಸರಿ ಇದೆ’. ನೀಲಾ ಸುಮ್ಮನೆ ಮನೆಗೆ ಹೋದರೆ ಸಾಕು, ಇಂಚರ ಅವಳ ಬಳಿಯೇ ಉಳಿಯುತ್ತಾಳೆ. ನಿಯಮವೂ ಅದನ್ನೇ ಹೇಳುತ್ತದೆ. ಮೇಡಂ ಅವಳ ಮುಖ ನೋಡಿ, ನಾಳೆ ಬೆಳಿಗ್ಗೆ ಮಾತಾಡೋಣ ಎಂದು ಕಳಿಸಿದರು.

ದಾರಿಯುದ್ದಕ್ಕೂ ನೀಲಾ ತನ್ನನ್ನು ತಾನೇ ಸಮರ್ಥಿಸಿಕೊಂಡಳು. ತಾನು ಹೇಳಿದ್ದರಲ್ಲಿ ಒಂದಾದರೂ ಸುಳ್ಳಿತ್ತೇ? ಮರೆತದ್ದು ನಿಜವಲ್ಲವೇ? ಹೀಗೆಲ್ಲ ಅಂದುಕೊಳ್ಳುತ್ತ ಮನೆಗೆ ಬಂದು, ಕೈಕಾಲು ತೊಳೆದು, ಮಗಳನ್ನು ಕರೆದು ಎಂದಿನಂತೆ ಮುಂದೆ ಕೂರಿಸಿಕೊಂಡಳು. ಎಣ್ಣೆಯ ಬಟ್ಟಲು ತೆಗೆದುಕೊಂಡು, ಬೇಕೆಂದೇ, ಅದೇ ದನಿಯಲ್ಲಿ, “ನಿಮ್ಮಪ್ಪ...” ಎಂದಳು. ಅಷ್ಟೇ ಅಂದು ನಿಲ್ಲಿಸಿದಳು.

ಇಂಚರಳ ಭುಜಗಳು ತುಸು ಮೇಲೇರಿ ಅಲ್ಲಿಯೇ ನಿಂತವು. ಇದನ್ನು ಕಾಣಲು ಪಟ್ಟಿ ಬೇಕಿರಲಿಲ್ಲ, ಗೆರೆ ಬೇಕಿರಲಿಲ್ಲ. ಇಷ್ಟು ದಿನ ಮಗಳ ಬೆನ್ನ ಹಿಂದೆಯೇ ಕುಳಿತಿದ್ದಳಲ್ಲ. ಭುಜಗಳು ಇಳಿಯಲಿಲ್ಲ. ಮಗು ಕಾಯುತ್ತಿತ್ತು.

“ಹೇಳವ್ವಾ,” ಎಂದಳು ಇಂಚರ ತಿರುಗದೆಯೇ. “ನಾ ಅಳೂದಿಲ್ಲ.”

ನೀಲಾ ಎಣ್ಣೆಗೈಯಲ್ಲೇ ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ತಾಯಿ ಮಗಳ ಮುಖ ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

ಬೆಳಿಗ್ಗೆ ನೀಲಾ ಇನಾಮದಾರರ ಎದುರಿಗೆ ನಿಂತು, “ನಾ ಬರದದ್ದ ರದ್ದ ಮಾಡಬ್ಯಾಡ್ರಿ ಮೇಡಂ,” ಎಂದಳು.

“ಪಕ್ಷಗಾರರು ಬರದದ್ದು ವರದಿ ಆಗೂದಿಲ್ಲ ನೀಲಾ. ಕೋರ್ಟು ಅದನ್ನ ಮುಟ್ಟೂದಿಲ್ಲ.”

“ವರದಿ ಆಗದಿದ್ರ ಮತ್ತೇನ ಆಗ್ತೈತ್ರಿ?”

ಮೇಡಂ ಅವಳು ಬರೆದ ಕಾಗದವನ್ನು ಅವಳ ಕಡೆ ಸರಿಸಿದರು. “ನಿಮ್ಮ ಹೇಳಿಕೆ ಆಗ್ತದ,” ಎಂದರು. “ವಿಚಾರ ಮಾಡಿ ಸಹಿ ಹಾಕ್ರಿ. ಮಗಳು ಕೈಬಿಟ್ಟು ಹೋಗಬಹುದು.”

“ಗೊತ್ತೈತ್ರಿ,” ಎಂದು ನೀಲಾ ಪೆನ್ನು ಕೇಳಿದಳು. ‘ತಾಯಿ ಏನು ಹೇಳುತ್ತಾಳೋ ಗೊತ್ತಿಲ್ಲ’ ಎಂಬ ಸಾಲನ್ನು ಹೊಡೆದು ಹಾಕಿ, ಏನು ಹೇಳುತ್ತಿದ್ದೆನೆಂದು ಬರೆದಳು. ಉಳಿದದ್ದನ್ನು ಹಾಗೆಯೇ ಬಿಟ್ಟು ಸಹಿ ಮಾಡಿದಳು.

ವಿಚಾರಣೆಯ ದಿನ ಅವಳ ವಕೀಲರು ಪಡಸಾಲೆಯಲ್ಲೇ ಕೈಚೆಲ್ಲಿದರು. ಗೆದ್ದ ಕುಸ್ತಿಯಲ್ಲಿ ತಾವಾಗಿ ಬೆನ್ನು ಮಣ್ಣಿಗೆ ಹಚ್ಚುವವರನ್ನು ನೋಡಿಲ್ಲ ಎಂದು ಗೊಣಗಿದರು. ಒಳಗೆ ಗುರುಬಸವ ಇಸ್ತ್ರಿ ಅಂಗಿ ತೊಟ್ಟು, ಮೆಲುದನಿ ಕ್ಲಾಸಿನಲ್ಲಿ ಕಲಿತಂತೆ ಕೈಕಟ್ಟಿ, ಗಂಟಲು ಬಿಗಿಹಿಡಿದು ಕುಳಿತಿದ್ದ. ನ್ಯಾಯಾಧೀಶೆ ಹೇಳಿಕೆಯನ್ನು ಓದಿಸಿದರು. ಓದು ಮುಗಿಯುವವರೆಗೆ ಅವನು ನೆಲವನ್ನೇ ನೋಡುತ್ತಿದ್ದ. ಆಮೇಲೆ ಎದ್ದು ನಿಂತ. ಕಲಿತದ್ದೆಲ್ಲ ಮರೆತು ಗರಡಿಯ ದನಿಯೇ ಹೊರಬಂತು.

“ಸಾಹೇಬ್ರ, ಸಾಲ್ಯಾಗ ಕೂಸಿನ್ನ ಮರತಿದ್ದೂ ಖರೇ ಐತ್ರಿ. ಅದನ್ನೂ ಬರಕೊಳ್ರಿ.”

ಜವಾನ ಸುಮ್ಮನಿರುವಂತೆ ಸನ್ನೆ ಮಾಡಿದ. ನ್ಯಾಯಾಧೀಶೆ ಬರೆದುಕೊಂಡರು.

ಆದೇಶದಲ್ಲಿ ಕರುಣೆಯೂ ಇರಲಿಲ್ಲ, ಕೋಪವೂ ಇರಲಿಲ್ಲ. ತಾಯಿ ನಿಜ ಹೇಳಿದ್ದು ಒಳ್ಳೆಯದಾಯಿತು, ಆದರೆ ಮಗುವಿನ ವಾಸ ಬಹುಮಾನವಾಗಿ ಕೊಡುವ ವಸ್ತುವಲ್ಲ ಎಂದರು. ಈ ಶಾಲಾ ವರ್ಷ ಮುಗಿಯುವವರೆಗೆ ಇಂಚರ ತಂದೆಯ ಬಳಿ ಇರಬೇಕು. ಶನಿವಾರ ಭಾನುವಾರ ತಾಯಿಯ ಬಳಿ. ಶಾಲೆಗೆ ಬಿಡುವುದು, ಕರೆತರುವುದು ತಂದೆಯೇ ಖುದ್ದಾಗಿ ಮಾಡಬೇಕು. ಒಂದು ಮನೆಯ ಸುದ್ದಿಯನ್ನು ಇನ್ನೊಂದು ಮನೆಯಲ್ಲಿ ಮಗುವಿನಿಂದ ಯಾರೂ ಕೇಳಿ ತೆಗೆಯಬಾರದು. ಬೇಸಿಗೆಯಲ್ಲಿ ಮತ್ತೆ ನೋಡೋಣ. ಕಿವಿ, ಪಟ್ಟಿ ಎರಡನ್ನೂ ತೆಗೆಸಿದರು. ಮಗಳ ಬಟ್ಟೆಬರೆ ಕಟ್ಟಿ ಕಳಿಸಿದ ದಿನ ನೀಲಾ ಯಾರಿಗೂ ಕಾಣದಂತೆ ಬಚ್ಚಲಲ್ಲಿ ಕುಳಿತು ಮನಸಾರೆ ಅತ್ತಳು.

ಮೊದಲ ಶನಿವಾರ ಇಂಚರ ಬಂದಳು. ಗೋಡೆಯ ಮೇಲೆ ಡಬ್ಬಿ ಇದ್ದಲ್ಲಿ ಒಂದು ಬಿಳಿ ಚೌಕ ಉಳಿದಿತ್ತು. ಶಿವಗಂಗವ್ವ ಅಡುಗೆಮನೆಯಿಂದಲೇ ಎದುರುಮನೆಯವರಿಗೆ ಮೊಮ್ಮಗಳು ಬಂದ ಸುದ್ದಿ ಒದರಿ, ಗಂಟಲು ಬಿಟ್ಟ ಸುಖಕ್ಕೆ ಇನ್ನೊಮ್ಮೆ ಒದರಿದಳು. ನೀಲಾಳಿಗೆ ಮಾತ್ರ ಮಗಳೊಡನೆ ಏನು ಮಾತಾಡಬೇಕೆಂದೇ ತೋಚಲಿಲ್ಲ. ಹೇಗಿದ್ದಿ ಎಂದು ಕೇಳಿದರೂ ಅದು ವಿಚಾರಣೆಯಂತೆ ಕೇಳಿಸೀತೆಂದು ಅಂಜಿಕೆ. ಎಣ್ಣೆಯ ಬಟ್ಟಲನ್ನು ಅವಳು ಮುಟ್ಟಲಿಲ್ಲ. ಹೊತ್ತಿಗೆ ಮುಂಚೆಯೇ ಹಿಟ್ಟು ನಾದಿಕೊಂಡು ರೊಟ್ಟಿಗೆ ಕುಳಿತಳು.

ಇಂಚರ ಬಾಗಿಲಿಗೆ ಒರಗಿ ಕುಳಿತು ನೋಡುತ್ತಿದ್ದಳು. ಮೂರನೆಯ ರೊಟ್ಟಿಯ ಹೊತ್ತಿಗೆ, ಯಾರನ್ನೂ ನೋಡದೆ, ಗರಡಿಯಲ್ಲಿ ಕಣದ ಮಣ್ಣಿಗೆ ಮಜ್ಜಿಗೆ ಹಾಕುತ್ತಾರೆ ಎಂದಳು.

ನೀಲಾ ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಮಗು ಮುಂದುವರಿಸಿತು. ಎಣ್ಣೆಯನ್ನೂ ಹಾಕುತ್ತಾರೆ, ಅರಿಷಿಣವನ್ನೂ. ಅಪ್ಪ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೂತೆದ್ದು ಬೈಠಕ್ ತೆಗೆಯುತ್ತಾನೆ. ಒಂದು ದಿನ ಶಾಲೆ ಬಿಡುವುದಕ್ಕೆ ಮೊದಲೇ ಬಂದು ವಾಚ್‌ಮನ್ನನ ಸ್ಟೂಲಿನ ಮೇಲೆ ಕುಳಿತಿದ್ದ, ಸ್ಟೂಲು ಮುರಿಯಿತು. ಅದನ್ನು ಹೇಳುತ್ತ ಇಂಚರಳಿಗೆ ನಗು ತಡೆಯಲಾಗಲಿಲ್ಲ. ಉದ್ದ ಉಸಿರು, ಸಣ್ಣ ಸಣ್ಣ ತುಂಡುಗಳು, ಮತ್ತೆ ಉದ್ದ ಉಸಿರು. ನೀಲಾ ಅದನ್ನು ಗೆರೆಯಲ್ಲಿ ಕಂಡಿದ್ದಳು. ತನ್ನ ಮನೆಯಲ್ಲಿ ಕೇಳಿದ್ದು ಇದೇ ಮೊದಲು.

ಹಿಟ್ಟು ಮುಗಿಯಿತು, ಮಗುವಿನ ಮಾತು ಮುಗಿಯಲಿಲ್ಲ. ಸದ್ದು ನಿಂತರೆ ಮಾತೂ ನಿಂತೀತೆಂದು ನೀಲಾ ಕೂಸಿನ ರೊಟ್ಟಿಗೆ ಕೈ ಹಾಕದೆ, ಡಬ್ಬಿಯಿಂದ ಮತ್ತೆ ಹಿಟ್ಟು ಸುರಿದುಕೊಂಡು ಬಿಸಿನೀರು ಹಾಕಿ ನಾದಿದಳು. ಬಡಿದಳು. ಅದೂ ಮುಗಿಯಿತು, ಮತ್ತೆ ನಾದಿದಳು. ತೋಳು ಸೋತು ಬಂದರೂ ಬಡಿಯುತ್ತಲೇ ಇದ್ದಳು. ಬುಟ್ಟಿ ತುಂಬಿ ತಟ್ಟೆಯಲ್ಲಿ ಇನ್ನೊಂದು ಸಾಲು ಏರಿತು. ಶಿವಗಂಗವ್ವ ಬಂದು ಇಣುಕಿ, ಮದುವೆಮನೆಯೇನು ಇದು ಎಂದು ಕೇಳಲು ಬಾಯಿ ತೆರೆದವಳು, ಮೊಮ್ಮಗಳ ದನಿ ಕೇಳಿ ಹಾಗೆಯೇ ಹಿಂದೆ ಸರಿದಳು.

ಕಡೆಗೆ ಇಂಚರಳಿಗೇ ಬುಟ್ಟಿಯ ಮೇಲೆ ಕಣ್ಣು ಬಿತ್ತು.

“ಇಷ್ಟ ರೊಟ್ಟಿ ಯಾರಿಗವ್ವಾ?”

ನೀಲಾಳ ಕೈ ನಿಂತಿತು. ಮಗಳ ಭುಜಗಳನ್ನು ನೋಡಿದಳು. ಅವು ಏರಿರಲಿಲ್ಲ.

“ಒಣಗಿಸಿ ಕಟ್ಟಿ ಕೊಡತೀನಿ,” ಎಂದಳು. “ನಿಮ್ಮಪ್ಪಗ ಒಯ್ಯಿ. ಕಟಕ್ ರೊಟ್ಟಿ ಅಂದ್ರ ಅವಗ ಭಾಳ ಸೇರತೈತಿ.”

ಇಂಚರ ತಾಯಿಯ ಮುಖವನ್ನೇ ನೋಡಿದಳು. ಈ ಮಾತಿನ ಹಿಂದೆ ಇನ್ನೊಂದು ಮಾತು ಬರುತ್ತದೆಂದು ಕಾದಳು. ಬರಲಿಲ್ಲ. ನೀಲಾ ನಾದಿದ ಬಟ್ಟಲಿನ ಅಂಚಿಗೆ ಅಂಟಿದ್ದ ಹಿಟ್ಟನ್ನು ಕೆರೆದು ಉಂಡೆ ಮಾಡಿ, ಸರಸರನೆ ತಟ್ಟಿ ಹಂಚಿನ ಮೇಲೆ ಹಾಕಿ, ಹಲಗೆಗೆ ಎರಡು ಸಲ ಬೆರಳು ಕುಟ್ಟಿದಳು. ಪಕ್ಕದಲ್ಲೇ ಇದ್ದ ಮಗಳು ಎದ್ದು ಬಂದು ಅವಳ ತೊಡೆಯ ಮೇಲೆ ಕುಳಿತಳು.